ಚೀಲದ ಮಣ್ಣಿಗೂ ಜೀವ ಬೇಕು

ಮುಂಗಾರು ಹಿಡಿಯುತ್ತಿದ್ದಂತೆ ನರ್ಸರಿಗಳ ಮುಂದೆ ಟೆಂಪೊ, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಹೆಬ್ಬೇವು, ತೇಗ, ಶ್ರೀಗಂಧ, ಹಲಸು, ಹುಣಸೆ, ನೇರಳೆ ಸಸಿಗಳು ಕಪ್ಪು ಚೀಲಗಳಲ್ಲಿ ಊರೂರಿಗೆ ಹೊರಡುತ್ತವೆ. ಕೊಳ್ಳುವವರು ನೋಡುವುದು ಎಲೆಯ ಹಸಿರು, ಕಾಂಡದ ನೇರ, ಸಸಿಯ ಎತ್ತರ. ನೆಟ್ಟು ಆರೇಳು ತಿಂಗಳಾದ ಮೇಲೆ ಬಹಳಷ್ಟು ರೈತರ ಬಾಯಲ್ಲಿ ಒಂದೇ ಮಾತು: ‘ನರ್ಸರಿಯಲ್ಲಿ ಚೆನ್ನಾಗಿತ್ತು, ಹೊಲಕ್ಕೆ ತಂದ ಮೇಲೆ ಗಿಡ ಕೂತುಬಿಟ್ಟಿದೆ.’ ಗಿಡ ಸತ್ತಿರುವುದಿಲ್ಲ, ಚಿಗುರುವುದೂ ಇಲ್ಲ. ಮೊದಲ ಬೇಸಿಗೆ ಬಂತೆಂದರೆ ಸಾಲಿನ ನಡುನಡುವೆ ಖಾಲಿ ಗುಣಿಗಳು ಕಾಣಿಸಿಕೊಳ್ಳುತ್ತವೆ.

ಗುಣಿ ಸಣ್ಣದಾದರೆ, ನಾಟಿ ತಡವಾದರೆ, ದನ ಮೇಯ್ದರೆ, ನೀರು ಸಾಲದಿದ್ದರೆ ಹೀಗಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇವೆಲ್ಲ ಸರಿಯಿದ್ದೂ ಗಿಡ ಕೂತಿದ್ದರೆ ಬೇರಿನ ಕಡೆ ನೋಡಬೇಕು. ಕಾಡಿನಲ್ಲಿ ಮರದಡಿ ಬಿದ್ದ ಬೀಜ ಮೊಳೆತಾಗ ಅದರ ಎಳೆಬೇರಿಗೆ ಕೆಲವೇ ವಾರಗಳಲ್ಲಿ ಮಣ್ಣಿನ ಒಂದು ಶಿಲೀಂಧ್ರ ಬಂದು ಕೂಡಿಕೊಳ್ಳುತ್ತದೆ. ಈ ನಂಟಿನ ಹೆಸರು ಮೈಕೊರೈಜಾ. ಗೊಬ್ಬರದಂಗಡಿಗಳಲ್ಲಿ ‘ವ್ಯಾಮ್’ ಎಂಬ ಹಳೆಯ ಹೆಸರೇ ಇನ್ನೂ ಓಡುತ್ತಿದೆ. ಗುಂಡಿ ತೋಡಿ ತಂದ ಕೆಮ್ಮಣ್ಣು, ತೊಳೆದ ಮರಳು, ತೆಂಗಿನ ನಾರಿನ ಪುಡಿ ತುಂಬಿದ ಚೀಲದಲ್ಲಿ ಹುಟ್ಟಿದ ಸಸಿಗೆ ಈ ಜೊತೆಗಾರ ಸಿಗದೇ ಹೋಗಬಹುದು. ದಿನವೂ ನೀರು, ಆಗಾಗ ಗೊಬ್ಬರ ಸಿಗುವಾಗ ಆ ಕೊರತೆ ಹೊರಗೆ ಕಾಣುವುದಿಲ್ಲ. ಅದು ಕಾಣುವುದು ಸಸಿ ಹೊಲಕ್ಕೆ ಬಂದಾಗ.

ಆದ್ದರಿಂದ ಈ ಶಿಲೀಂಧ್ರವನ್ನು ಕೊಡಬೇಕಾದ ಜಾಗ ಹೊಲದ ಗುಣಿಯಲ್ಲ, ನರ್ಸರಿಯ ಚೀಲ. ಕೊಡಬೇಕಾದ ಹೊತ್ತು ಬೇರು ಮೊದಲ ಬಾರಿಗೆ ಮಣ್ಣಿಗಿಳಿಯುವ ಹೊತ್ತು.

ಬೇರು ನಿಂತಲ್ಲಿಂದ ಮುಂದೆ

ಗಿಡಕ್ಕೆ ಬೇಕಾದ ಪೋಷಕಾಂಶಗಳಲ್ಲಿ ರಂಜಕದ ಸ್ವಭಾವ ವಿಚಿತ್ರ. ಸಾರಜನಕದ ನೈಟ್ರೇಟ್ ನೀರಿನೊಂದಿಗೆ ಹರಿದು ಬೇರಿನ ಬಳಿಗೆ ಬರುತ್ತದೆ, ರಂಜಕ ಹಾಗೆ ಬರುವುದಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಎರೆಮಣ್ಣಿನಲ್ಲಿ ಸುಣ್ಣ ಹಿಡಿದಿಟ್ಟುಕೊಳ್ಳುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನ ರಂಜಕವನ್ನು ಹೀರಿಕೊಂಡ ಮೇಲೆ ಅಲ್ಲೊಂದು ಬರಡು ವಲಯ ಉಂಟಾಗುತ್ತದೆ. ಆಚೆ ರಂಜಕವಿದ್ದರೂ ಬೇರಿಗೆ ನಿಲುಕದು.

ಅಲ್ಲಿಂದ ಮುಂದಿನ ಕೆಲಸ ಶಿಲೀಂಧ್ರದ್ದು. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಅದರ ಎಳೆಗಳು ಬೇರಿನಿಂದ ಹೊರಟು ಹಲವು ಸೆಂಟಿಮೀಟರ್ ದೂರ ಚಾಚುತ್ತವೆ, ಬೇರಿನ ರೋಮ ನುಗ್ಗಲಾಗದ ಮಣ್ಣಿನ ಸಂದುಗಳಿಗೂ ಇಳಿಯುತ್ತವೆ. ದೊಡ್ಡ ರಸ್ತೆ ಊರ ಬಾಗಿಲಿಗೆ ಬಂದು ನಿಂತರೂ ಮನೆಮನೆ ಮುಟ್ಟುವುದು ಓಣಿಗಳೇ ತಾನೆ, ಹಾಗೆ. ರಂಜಕದ ಜೊತೆಗೆ ಸತು, ತಾಮ್ರವೂ ಈ ದಾರಿಯಲ್ಲಿ ಗಿಡಕ್ಕೆ ಬರುತ್ತವೆ. ನೀರಿನ ಕೊರತೆ ತಡೆದುಕೊಳ್ಳುವ ಶಕ್ತಿಯೂ ಹೆಚ್ಚುತ್ತದೆ. ಎಳೆಗಳು ಮಣ್ಣಿನ ಕಣಗಳನ್ನು ಹೆಣೆದು ಸಣ್ಣ ಸಣ್ಣ ಹರಳುಗಳಾಗಿ ಕೂಡಿಸುವುದರಿಂದ ಮಣ್ಣು ಸಡಿಲವಾಗಿ ಉಸಿರಾಡುತ್ತದೆ.

ಪ್ರತಿಯಾಗಿ ಗಿಡ ಎಲೆಯಲ್ಲಿ ತಯಾರಿಸಿದ ಸಕ್ಕರೆ ಮತ್ತು ಕೊಬ್ಬಿನಂಶವನ್ನು ಶಿಲೀಂಧ್ರಕ್ಕೆ ಕೊಡುತ್ತದೆ. ಈ ಕೊಡುಕೊಳೆ ಬಹಳ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಬಳಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಿಂದಿನ ಸಸ್ಯಗಳ ಪಳೆಯುಳಿಕೆಗಳಲ್ಲೂ ಕೋಶಗಳೊಳಗೆ ಈ ಶಿಲೀಂಧ್ರದ ಕವಲುಗಳು ಕಂಡಿವೆ. ಆ ಸಸ್ಯಗಳಿಗೆ ನಿಜವಾದ ಬೇರೇ ಇರಲಿಲ್ಲ. ನೆಲದ ಮೇಲೆ ಗಿಡಗಳು ನೆಲೆಯೂರಿದ ಆದಿಕಾಲದಿಂದಲೂ ಶಿಲೀಂಧ್ರ ಅವುಗಳ ಜೊತೆಗಿದೆ.

ರಂಜಕದ ಹಸಿವಾದಾಗ ಬೇರು ತಾನಾಗಿಯೇ ಶಿಲೀಂಧ್ರವನ್ನು ಕರೆಯುತ್ತದೆ. ಬೇರು ಸ್ರವಿಸುವ ಸ್ಟ್ರೈಗೊಲ್ಯಾಕ್ಟೋನ್ ಎಂಬ ವಸ್ತು ಸೋಕಿದರೆ ಶಿಲೀಂಧ್ರದ ಎಳೆ ಕವಲೊಡೆಯುತ್ತದೆ ಎಂಬುದನ್ನು 2005ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಮಣ್ಣಿನಲ್ಲಿ ರಂಜಕ ತುಂಬಿ ತುಳುಕುತ್ತಿದ್ದರೆ ಈ ಕರೆಯೇ ಕ್ಷೀಣಿಸುತ್ತದೆ. ನರ್ಸರಿಯವರು ನೆನಪಿಡಬೇಕಾದ ಮುಖ್ಯ ಸಂಗತಿ ಇದು. ಸಸಿ ಬೇಗ ಎತ್ತರವಾಗಲೆಂದು ಚೀಲಕ್ಕೆ ರಂಜಕ ತುಂಬಿದ ಡಿಎಪಿ ಕಾಳು ಹಾಕುತ್ತಾ ಹೋದರೆ ಬೇರಿಗೂ ಶಿಲೀಂಧ್ರಕ್ಕೂ ನಂಟು ಕೂಡುವುದಿಲ್ಲ.

ಪೈನ್ ಮರಗಳು ಕಲಿಸಿದ ಪಾಠ

1885ರಲ್ಲಿ ಈ ನಂಟಿಗೆ ಹೆಸರಿಟ್ಟವರು ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಬೆಲೆಬಾಳುವ ಟ್ರಫಲ್ ಅಣಬೆಯನ್ನು ಬೆಳೆಸಬಹುದೇ ನೋಡಿ ಎಂದು ಪ್ರಶ್ಯದ ಸರ್ಕಾರ ಅವರಿಗೆ ಹೇಳಿತ್ತು. ಟ್ರಫಲ್ ಹುಡುಕುತ್ತಾ ಹೋದ ಅವರಿಗೆ ಓಕ್, ಬೀಚ್ ಮರಗಳ ಬೇರುತುದಿಗಳೆಲ್ಲ ಶಿಲೀಂಧ್ರದ ಹೊದಿಕೆ ಹೊದ್ದಿರುವುದು ಕಂಡಿತು. ಅದು ರೋಗವಲ್ಲ, ಮರವನ್ನು ಪೋಷಿಸುವ ಸಂಬಂಧ ಎಂದು ಅವರು ವಾದಿಸಿದಾಗ ಒಪ್ಪದವರೇ ಹೆಚ್ಚು.

ಅವರ ಮಾತು ಎಷ್ಟು ನಿಜವೆಂದು ತೋರಿಸಿದ್ದು ನರ್ಸರಿಗಳು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಪೈನ್ ಬೀಜ ತಂದು ಬಿತ್ತಿದಾಗ ಕೆಲವು ನರ್ಸರಿಗಳಲ್ಲಿ ಸಸಿಗಳು ಹಳದಿಯಾಗಿ ಕುಂಟಿದವು. ಪೈನ್ ಚೆನ್ನಾಗಿ ಬೆಳೆದಿದ್ದ ಕಡೆಯ ಮಣ್ಣು ಬೆರೆಸಿದಾಗ ಚೇತರಿಸಿಕೊಂಡವು. ಮಣ್ಣಿನ ಯಾವುದೋ ಜೀವಿಯೇ ಇದಕ್ಕೆ ಕಾರಣವೆಂದು ಅಲ್ಲಿನ ಅರಣ್ಯಾಧಿಕಾರಿ ಕೆಸೆಲ್ 1927ರಲ್ಲಿ ಬರೆದರು. ಪೋರ್ಟೊ ರೀಕೊ ದ್ವೀಪದಲ್ಲಿ ನೆಟ್ಟ ಪೈನ್ ಮತ್ತೆ ಮತ್ತೆ ಸೋತಿತು. 1950ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಪೈನ್ ಕಾಡಿನ ಮಣ್ಣು ತಂದು ಕೊಟ್ಟ ಮೇಲೆ ಆ ಸಸಿಗಳು ಬದುಕಿದವು. ಪೈನ್ ಬೀಜ ಹಡಗಿನಲ್ಲಿ ಸಾಗರ ದಾಟಿತ್ತು, ಅದರ ಜೊತೆಗಾರ ಶಿಲೀಂಧ್ರ ತವರಿನಲ್ಲೇ ಉಳಿದಿತ್ತು.

1970ರ ದಶಕದಲ್ಲಿ ಅಮೆರಿಕದ ಡೊನಾಲ್ಡ್ ಮಾರ್ಕ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪಿಸೊಲಿಥಸ್ ಎಂಬ ಶಿಲೀಂಧ್ರವನ್ನು ನರ್ಸರಿಯಲ್ಲೇ ಪೈನ್ ಸಸಿಗಳ ಬೇರಿಗೆ ಹತ್ತಿಸಿ, ಕಲ್ಲಿದ್ದಲು ಅಗೆದು ಬಿಟ್ಟ ಬಂಜರಿನಲ್ಲಿ ನೆಟ್ಟರು. ಬಿಸಿಲಿಗೆ ಕಾಯುವ, ಆಮ್ಲೀಯವಾದ ಆ ನೆಲದಲ್ಲೂ ಸಸಿಗಳು ನಿಂತವು. ನರ್ಸರಿಯಲ್ಲಿ ಕೊಟ್ಟ ಶಿಲೀಂಧ್ರ ಹೊಲದಲ್ಲಿ ಫಲ ಕೊಡುತ್ತದೆ ಎಂಬುದು ಅಲ್ಲಿಂದ ಅರಣ್ಯ ಬೆಳೆಸುವವರ ತಿಳಿವಳಿಕೆಯ ಭಾಗವಾಯಿತು.

ಬೆಂಗಳೂರಿನ ಕೊಡುಗೆ

ಪೈನ್, ಓಕ್ ಮರಗಳ ಶಿಲೀಂಧ್ರ ಬೇರಿನ ಹೊರಗೆ ಹೊದಿಕೆ ಕಟ್ಟುತ್ತದೆ. ನಮ್ಮ ಹೊಲ, ತೋಟಗಳ ಹೆಚ್ಚಿನ ಮರಗಳದ್ದು ಬೇರೆ ಬಗೆ. ಅದು ಬೇರಿನ ಕೋಶಗಳೊಳಗೇ ಹೊಕ್ಕು ಪುಟ್ಟ ಮರದಂತೆ ಕವಲೊಡೆಯುತ್ತದೆ. ಈ ಬಗೆಯನ್ನು ಆರ್ಬಸ್ಕ್ಯುಲರ್ ಮೈಕೊರೈಜಾ ಎನ್ನುತ್ತಾರೆ. ಭೂಮಿಯ ಮೇಲಿನ ಸಸ್ಯಜಾತಿಗಳಲ್ಲಿ ಸುಮಾರು ಶೇ 70ಕ್ಕೂ ಹೆಚ್ಚಿನವು ಇದರ ನಂಟಸ್ತಿಕೆಯವು. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದ ಬಾರ್ಬರಾ ಮಾಸ್ 1950ರ ದಶಕದಲ್ಲಿ ಸ್ಟ್ರಾಬೆರಿ ಮತ್ತು ಸೇಬಿನ ಗಿಡಗಳ ಮೇಲೆ ಮಾಡಿದ ಪ್ರಯೋಗಗಳಿಂದ ಇದರ ಮಹತ್ವ ಹೊರಬಿತ್ತು. ಇಂದು ನರ್ಸರಿಗಳಲ್ಲಿ ಬಳಸುವ ಗ್ಲೋಮಸ್ ಮಾಸಿಯೇ ಎಂಬ ಶಿಲೀಂಧ್ರದ ಹೆಸರಿನಲ್ಲಿರುವುದು ಅವರೇ.

ಭಾರತದಲ್ಲಿ ಈ ವಿದ್ಯೆ ಬೇರೂರಿದ ಮುಖ್ಯ ಕೇಂದ್ರಗಳಲ್ಲಿ ಬೆಂಗಳೂರು ಒಂದು. ಕೃಷಿ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಡಾ. ಡಿ.ಜೆ. ಭಾಗ್ಯರಾಜ್ ದಶಕಗಳ ಕಾಲ ಇದನ್ನೇ ತಪಸ್ಸಾಗಿ ನಡೆಸಿದರು. ಅವರು ಮತ್ತು ಎ. ಮಂಜುನಾಥ್ 1980ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಕ್ರಿಮಿಶುದ್ಧ ಮಾಡದ ಸಹಜ ಮಣ್ಣಿನಲ್ಲಿ ರಾಗಿ, ಅಲಸಂದೆ, ಹತ್ತಿಗೆ ಈ ಶಿಲೀಂಧ್ರ ಕೊಟ್ಟು ನೋಡಿದ್ದರು. ಪ್ರಯೋಗಶಾಲೆಯ ಸತ್ತ ಮಣ್ಣಿನಲ್ಲಿ ಗೆಲ್ಲುವುದು ಸುಲಭ. ಆಗಲೇ ಬೇರೆ ಜೀವಿಗಳು ತುಂಬಿರುವ ಮಣ್ಣಿನಲ್ಲಿ ಏನಾಗುತ್ತದೆ ಎಂಬುದೇ ರೈತನ ಪ್ರಶ್ನೆ, ಅವರು ಅದಕ್ಕೇ ಕೈಹಾಕಿದರು. ಶಿಲೀಂಧ್ರವನ್ನು ಹೆಚ್ಚಿಸಲು ಗಿನಿ ಹುಲ್ಲು ಒಳ್ಳೆಯ ಆಸರೆ ಎಂಬುದನ್ನೂ ಅದೇ ವರ್ಷ ತಿಳಿಸಿದರು. ಮುಂದೆ ಅರಣ್ಯ ಮತ್ತು ತೋಟದ ಸಸಿಗಳ ಮೇಲೂ ಕೆಲಸ ನಡೆಯಿತು. ಎಲ್ಲ ಗಿಡಕ್ಕೂ ಒಂದೇ ಶಿಲೀಂಧ್ರ ಸಮಾನವಾಗಿ ಒಗ್ಗದು, ಆಯಾ ಮರಕ್ಕೆ ಹೆಚ್ಚು ನೆರವಾಗುವ ತಳಿಯನ್ನು ಪರೀಕ್ಷಿಸಿ ಆರಿಸಬೇಕು ಎಂಬುದು ಆ ಕೆಲಸದ ಸಾರ.

ಮರ ಯಾವುದು, ಶಿಲೀಂಧ್ರ ಯಾವುದು

ಅಂಗಡಿಯ ಪುಡಿ ಕೊಳ್ಳುವ ಮೊದಲು ಈ ವಿಂಗಡಣೆ ತಿಳಿದಿರಬೇಕು. ಹೆಬ್ಬೇವು, ತೇಗ, ಬೇವು, ಹುಣಸೆ, ಮಾವು, ಹಲಸು, ನೇರಳೆ, ಹೊಂಗೆ, ನುಗ್ಗೆಗಳಿಗೆ ಆರ್ಬಸ್ಕ್ಯುಲರ್ ಬಗೆ ಸಾಕು. ಶ್ರೀಗಂಧದ ಬೇರಿನಲ್ಲೂ ಇದೇ ಇರುತ್ತದೆ. ಗಂಧದ ಸಸಿಯ ಚೀಲದಲ್ಲಿ ಆಸರೆಗೆಂದು ತೊಗರಿ ಬೆಳೆಸುವುದು ನರ್ಸರಿಗಳ ರೂಢಿ. ತೊಗರಿ ಬೇರಿಗೂ ಈ ಶಿಲೀಂಧ್ರ ಬಹಳ ಇಷ್ಟ. ಹೀಗಾಗಿ ಒಂದು ಚೀಲದಲ್ಲಿ ಕೊಟ್ಟದ್ದು ಇಬ್ಬರಿಗೂ ಒದಗುತ್ತದೆ.

ಸಾಲುಧೂಪ, ಬೋಗಿಯಂಥ ಪಶ್ಚಿಮಘಟ್ಟದ ಮರಗಳು ಬೇರೆ ಬಳಗದವು. ಇವುಗಳ ಬೇರಿಗೆ ಬೇಕಾದದ್ದು ಪೈನ್ ಮರದಂತೆ ಹೊರಹೊದಿಕೆ ಕಟ್ಟುವ ಶಿಲೀಂಧ್ರ. ಕರಾವಳಿಯಲ್ಲಿ ಮುಂಗಾರಿನ ಮೊದಲ ಮಳೆಗೆ ನೆಲದಿಂದೇಳುವ, ಜನ ಆಸೆಪಟ್ಟು ಕೊಂಡು ಸಾರು ಮಾಡುವ ಕಲ್ಲಣಬೆ ಇಂಥ ಮರಗಳ ಬೇರಿನ ಜೊತೆಗಾರನೇ. ಹುತ್ತದ ಮೇಲೆ ಏಳುವ ಅಣಬೆಯದು ಗೆದ್ದಲಿನ ಜೊತೆಗಿನ ಬದುಕು, ಅದಕ್ಕೂ ಮರದ ಬೇರಿಗೂ ಈ ನಂಟಿಲ್ಲ. ಸಾಲುಧೂಪದ ಬೀಜ ಒಣಗಿದರೆ ಬಹುಬೇಗ ಜೀವ ಕಳೆದುಕೊಳ್ಳುತ್ತದೆ. ಬಿದ್ದ ಕೂಡಲೇ ಆರಿಸಿ ಬಿತ್ತುವವರು, ಅನುಮತಿ ಪಡೆದು, ತಾಯಿಮರದ ಬುಡದ ಮೇಲ್ಮಣ್ಣನ್ನೂ ಒಂದಿಷ್ಟು ತಂದು ಚೀಲಕ್ಕೆ ಬೆರೆಸಿದರೆ ಸಸಿಗೆ ತನ್ನವರೇ ಸಿಗುತ್ತಾರೆ. ಇಂಥ ಮರಗಳಿಗೆ ಆರ್ಬಸ್ಕ್ಯುಲರ್ ಪುಡಿ ಹಾಕುವುದು ಹಣ ಮಣ್ಣುಪಾಲು ಮಾಡಿದಂತೆ.

ಸಿಲ್ವರ್ ಓಕ್ ಸೇರಿರುವ ಕುಟುಂಬ ಸಾಮಾನ್ಯವಾಗಿ ಮೈಕೊರೈಜಾದ ಹಂಗಿಲ್ಲದೆ ಬೆಳೆಯುತ್ತದೆ. ಗೊಂಚಲು ಗೊಂಚಲಾದ ವಿಶೇಷ ಬೇರುಗಳಿಂದ ಅದು ತಾನೇ ರಂಜಕ ಬಿಡಿಸಿಕೊಳ್ಳುತ್ತದೆ. ಕೋಸು, ಮೂಲಂಗಿ, ಸಾಸಿವೆ, ಪಾಲಕ್ ಸೊಪ್ಪುಗಳೂ ಈ ನಂಟಿಗೆ ಒಲ್ಲದವು.

ಅಣಬೆ ಎಂದೊಡನೆ ಅಡಿಕೆ, ತೆಂಗು ಬೆಳೆಗಾರರಿಗೆ ನೆನಪಾಗುವುದು ಬುಡ ಕೊಳೆಸುವ ಅಣಬೆ ರೋಗ. ಅದು ಗ್ಯಾನೊಡರ್ಮಾ ಎಂಬ ಬೇರೆಯೇ ಶಿಲೀಂಧ್ರ. ಟ್ರೈಕೊಡರ್ಮಾ ಕೂಡ ಬೇರೆ. ಅದನ್ನು ಕೊಟ್ಟಿಗೆ ಗೊಬ್ಬರದ ರಾಶಿಯಲ್ಲಿ ಬೆರೆಸಿ, ತೇವ ಮಾಡಿ ಹೆಚ್ಚಿಸಬಹುದು. ಆರ್ಬಸ್ಕ್ಯುಲರ್ ಶಿಲೀಂಧ್ರ ಗೊಬ್ಬರದ ರಾಶಿಯಲ್ಲಿ ಹೆಚ್ಚುವುದಿಲ್ಲ, ಅದಕ್ಕೆ ಜೀವಂತ ಬೇರು ಬೇಕೇ ಬೇಕು.

ನರ್ಸರಿಯಲ್ಲಿ ಮಾಡಬೇಕಾದ್ದು

ಶಿಲೀಂಧ್ರ ಬೇರಿಗೆ ತಾಗಬೇಕು, ಇದೇ ಮೊದಲ ಸೂತ್ರ. ಮೇಲೆ ಉದುರಿಸಿ ನೀರು ಹಾಕಿದರೆ ಅದು ಅಲ್ಲೇ ಉಳಿಯಬಹುದು. ಚೀಲಕ್ಕೆ ನೇರವಾಗಿ ಬಿತ್ತುವುದಾದರೆ ಬೀಜದ ಕೆಳಗೆ ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ತೆಳುವಾಗಿ ಹರಡಬೇಕು. ಸಸಿಮಡಿಯಿಂದ ಕಿತ್ತು ಚೀಲಕ್ಕೆ ನಾಟುವುದಾದರೆ ಮಾಡಿದ ಕುಳಿಯೊಳಗೆ ಪುಡಿ ಹಾಕಿ ಅದರ ಮೇಲೆ ಬೇರಿಳಿಸಬೇಕು. ಮಣ್ಣಿನ ಮೂಲದ ಪುಡಿಯಾದರೆ ಚೀಲಕ್ಕೆ 5ರಿಂದ 10 ಗ್ರಾಂ ಸಾಮಾನ್ಯ ಪ್ರಮಾಣ. ಬೆಳೆದ ಮರಕ್ಕೆ ಕೊಡಬೇಕಾದರೆ ಬುಡದ ಸುತ್ತ ಅಗೆದು ನೂರಾರು ಗ್ರಾಂ ಹಾಕಬೇಕಾಗುತ್ತದೆ. ನರ್ಸರಿಯಲ್ಲಿ ಕೊಡುವುದು ಎಷ್ಟು ಅಗ್ಗ ಎಂಬುದು ಇದರಿಂದಲೇ ತಿಳಿಯುತ್ತದೆ.

ಮಣ್ಣು ಬಿಸಿಲಿಗೆ ಕಾಯಿಸಿ ರೋಗಾಣು ಕೊಂದಿದ್ದರೆ ಒಳ್ಳೆಯ ಶಿಲೀಂಧ್ರವೂ ಅದರೊಂದಿಗೆ ಹೋಗಿರಬಹುದು. ಅಲ್ಲಿ ಮತ್ತು ರೂಟ್ ಟ್ರೈನರ್‌ನ ಕೋಕೋಪೀಟ್‌ನಲ್ಲಿ ಹೊರಗಿನಿಂದ ಕೊಡಲೇಬೇಕು. ಕಾರ್ಬೆಂಡಜಿಮ್ ಗುಂಪಿನ ಶಿಲೀಂಧ್ರನಾಶಕವನ್ನು ಮಣ್ಣಿಗೆ ಸುರಿದರೆ ಇದಕ್ಕೂ ಪೆಟ್ಟು. ಸಸಿ ಕೊಳೆಯದಂತೆ ನೋಡಿಕೊಳ್ಳಲು ನೀರು ಬಸಿಯುವ ಮಣ್ಣಿನ ಮಿಶ್ರಣ, ಒತ್ತಾಗಿ ಬಿತ್ತದಿರುವುದು, ಹಿತಮಿತದ ನೀರು ಇವೇ ಮೊದಲ ಮದ್ದಾಗಲಿ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿರಲಿ. ಸೂಪರ್ ಫಾಸ್ಫೇಟ್, ಡಿಎಪಿ ಬಳಕೆಯಲ್ಲಿ ಕೈ ಹಿಡಿತದಲ್ಲಿರಲಿ.

ಫಲ ತಕ್ಷಣ ಕಾಣದು. ಬೇರಿನೊಳಗೆ ಶಿಲೀಂಧ್ರ ನೆಲೆಗೊಳ್ಳಲು ಕೆಲವು ವಾರ, ಬೆಳವಣಿಗೆಯ ವ್ಯತ್ಯಾಸ ತೋರಲು ಒಂದೆರಡು ತಿಂಗಳು ಬೇಕು. ಆರ್ಬಸ್ಕ್ಯುಲರ್ ಬಗೆ ಬರಿಗಣ್ಣಿಗೆ ಕಾಣುವುದೂ ಇಲ್ಲ. ಬೇರನ್ನು ಕ್ಷಾರದಲ್ಲಿ ಕುದಿಸಿ, ಟ್ರೈಪಾನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನೀಲಿ ಎಳೆಗಳು ತೋರುತ್ತವೆ. ದೊಡ್ಡ ನರ್ಸರಿಗಳು ಸಸಿ ಹೊರಡುವ ಮುನ್ನ ಕೆಲವು ಬೇರುಗಳನ್ನು ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕೊಟ್ಟು ನೋಡಿಸಬಹುದು. ಸಣ್ಣ ನರ್ಸರಿಯವರು ಪುಡಿ ಕೊಡದ ಒಂದು ಸಾಲನ್ನು ಪಕ್ಕದಲ್ಲೇ ಬೆಳೆಸಿ ಹೋಲಿಸಬೇಕು. ಆ ಒಂದು ಸಾಲು ಇಲ್ಲದಿದ್ದರೆ ಪುಡಿಯಿಂದ ಒಳಿತಾಯಿತೋ ಮಳೆಯಿಂದ ಆಯಿತೋ ಹೇಳುವುದು ಹೇಗೆ?

ಕೊಳ್ಳುವುದು, ತಾವೇ ಬೆಳೆಸುವುದು

ಮೈಕೊರೈಜಾ ಜೈವಿಕ ಗೊಬ್ಬರಕ್ಕೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಗುಣಮಟ್ಟ ನಿಗದಿಯಾಗಿದೆ. ಒಂದು ಗ್ರಾಂನಲ್ಲಿ ಎಷ್ಟು ಬೀಜಾಣುಗಳಿರಬೇಕು, ಅವು ಬೇರಿಗೆ ಹತ್ತುವ ಸಾಮರ್ಥ್ಯ ಎಷ್ಟಿರಬೇಕು ಎಂಬುದು ಅದರಲ್ಲಿದೆ. ಪೊಟ್ಟಣದ ಮೇಲೆ ಈ ವಿವರ, ಶಿಲೀಂಧ್ರದ ಹೆಸರು, ತಯಾರಿಸಿದ ದಿನ, ಅವಧಿ ಮುಗಿಯುವ ದಿನ ಇಲ್ಲದಿದ್ದರೆ ಮುಟ್ಟಬೇಡಿ. ಇದು ಜೀವವಿರುವ ಸರಕು. ತಗಡಿನ ಚಾವಣಿಯ ಗೋದಾಮಿನಲ್ಲಿ ಬೇಸಿಗೆ ಕಳೆದ ಪೊಟ್ಟಣದಲ್ಲಿ ಉಳಿದಿರುವುದು ಬರೀ ಪುಡಿಯೂ ಆಗಿರಬಹುದು. ಹಲವು ದೇಶಗಳಲ್ಲಿ ಮಾರುಕಟ್ಟೆಯ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಬೇರಿಗೆ ಹತ್ತದವೇ ಬಹಳ ಸಿಕ್ಕಿವೆ.

ತಾವೇ ಬೆಳೆಸಿಕೊಳ್ಳುವ ದಾರಿಯೂ ಇದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹೇಳಿಕೊಡುವ ವಿಧಾನದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಗುಂಡಿಗೆ ಕಪ್ಪು ಪ್ಲಾಸ್ಟಿಕ್ ಹಾಸುತ್ತಾರೆ. ಅದರಲ್ಲಿ 50 ಕೆ.ಜಿ. ವರ್ಮಿಕ್ಯುಲೈಟ್, 5 ಕೆ.ಜಿ. ಶುದ್ಧಗೊಳಿಸಿದ ಮಣ್ಣು ತುಂಬಿ, ಒಂದು ಕೆ.ಜಿ. ಹೆಪ್ಪುಪುಡಿ ಹರಡಿ, ಮೆಕ್ಕೆಜೋಳ ಬಿತ್ತುತ್ತಾರೆ. ಸುಮಾರು 60 ದಿನಕ್ಕೆ ಗಿಡದ ಮೇಲ್ಭಾಗ ಕೊಯ್ದು ತೆಗೆದು, ಬೇರುಗಳನ್ನು ಸಣ್ಣಗೆ ಕತ್ತರಿಸಿ ಆ ಮಿಶ್ರಣಕ್ಕೇ ಬೆರೆಸಿದರೆ ಸುಮಾರು 55 ಕೆ.ಜಿ. ಹೊಸ ಪುಡಿ ಸಿದ್ಧ. ಚೀಲಕ್ಕೆ 5 ಗ್ರಾಂ ಲೆಕ್ಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಸಿಗೆ ಅದು ಸಾಕು. ಮಹಿಳಾ ಸ್ವಸಹಾಯ ಸಂಘಗಳು ನಡೆಸುವ ನರ್ಸರಿಗಳಿಗೂ ಇದು ಕೈಗೆಟುಕುವ ಕೆಲಸ.

ಊರ ಬಳಿಯ ದೇವರಕಾಡು, ಹಳೆಯ ತೋಪಿನ ಮೇಲ್ಮಣ್ಣೂ ಒಳ್ಳೆಯ ಹೆಪ್ಪು. ಅಲ್ಲಿನ ಶಿಲೀಂಧ್ರ ಅಲ್ಲಿನ ಮಣ್ಣು, ಬಿಸಿಲು, ಮಳೆಗೆ ಒಗ್ಗಿದ್ದು. ಊರವರನ್ನು ಕೇಳಿ, ಬೊಗಸೆಯಷ್ಟೇ ತೆಗೆದು, ಜೋಳದ ಬೇರಿನಲ್ಲಿ ಹೆಚ್ಚಿಸಿಕೊಳ್ಳಬೇಕು. ಗಾಡಿಗಟ್ಟಲೆ ಹೊತ್ತು ತಂದರೆ ಆ ಕಾಡಿಗೇ ಅನ್ಯಾಯ. ಬಾಡುರೋಗ, ಬುಡಕೊಳೆ, ಜಂತುಹುಳುವಿನ ಬಾಧೆ ಇರುವ ತೋಟದ ಮಣ್ಣನ್ನಂತೂ ನರ್ಸರಿಯ ಹತ್ತಿರಕ್ಕೂ ತರಬಾರದು.

ಹೊಲದಲ್ಲಿ ಉಳಿಸಿಕೊಳ್ಳುವುದು

ನರ್ಸರಿಯಲ್ಲಿ ಕೊಟ್ಟದ್ದನ್ನು ನಾಟಿಯ ದಿನ ಕಳೆಯಬಾರದು. ಚೀಲ ಕತ್ತರಿಸಿ, ಮಣ್ಣಿನ ಹೆಂಟೆ ಒಡೆಯದಂತೆ ಗುಣಿಗಿಳಿಸಬೇಕು. ಸುತ್ತಿಕೊಂಡ ಬೇರಿದ್ದರೆ ಅಷ್ಟನ್ನೇ ಸವರಬೇಕು. ಗುಣಿಗೆ ಮುಷ್ಟಿಗಟ್ಟಲೆ ಡಿಎಪಿ ಬೇಡ. ಬುಡದ ಸುತ್ತ ಸೊಪ್ಪು, ಒಣಹುಲ್ಲಿನ ಮುಚ್ಚಿಗೆ ಇರಲಿ. ಪದೇ ಪದೇ ಉಳುಮೆ ಮಾಡಿದರೆ ಎಳೆಗಳ ಹೆಣಿಗೆ ಹರಿದುಹೋಗುತ್ತದೆ. ಸಾಲುಗಳ ನಡುವೆ ಹುರುಳಿ, ಅಲಸಂದೆ, ತೊಗರಿ, ರಾಗಿ ಬೆಳೆಯುವುದರಿಂದ ಶಿಲೀಂಧ್ರಕ್ಕೆ ವರ್ಷವಿಡೀ ಬೇರು ಸಿಗುತ್ತದೆ. ನೆಲವನ್ನು ಬಹುಕಾಲ ಬರಿದಾಗಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಎರೆಭೂಮಿಯ ಅನುಭವವಿದೆ. ಅಲ್ಲಿ ದೀರ್ಘಕಾಲ ಬೀಳುಬಿಟ್ಟ ಹೊಲಗಳಲ್ಲಿ ಬೆಳೆ ರಂಜಕ, ಸತುವಿನ ಕೊರತೆಯಿಂದ ನರಳುತ್ತಿತ್ತು. ಬೇರಿಲ್ಲದೆ ಮೈಕೊರೈಜಾ ಕ್ಷೀಣಿಸಿದ್ದೇ ಕಾರಣವೆಂದು 1987ರಲ್ಲಿ ಗೊತ್ತಾಯಿತು.

ಈ ಶಿಲೀಂಧ್ರದ ಬಗ್ಗೆ ಅತಿಯಾಗಿ ಹೇಳುವವರೂ ಇದ್ದಾರೆ. ಕಾಡಿನ ಮರಗಳು ಈ ಎಳೆಗಳ ಮೂಲಕ ಮಾತಾಡುತ್ತವೆ, ತಾಯಿಮರ ಮಕ್ಕಳಿಗೆ ಉಣಿಸುತ್ತದೆ ಎಂಬ ಕಥನಗಳು ಜನಪ್ರಿಯವಾಗಿವೆ. ಅವುಗಳಿಗಿರುವ ಸಾಕ್ಷ್ಯ ಹೇಳಿದಷ್ಟು ಗಟ್ಟಿಯಿಲ್ಲ ಎಂದು ಇದೇ ಕ್ಷೇತ್ರದ ಮೂವರು ವಿಜ್ಞಾನಿಗಳು 2023ರಲ್ಲಿ ವಿಮರ್ಶಿಸಿದರು. ನರ್ಸರಿಯಲ್ಲಿ ಮೈಕೊರೈಜಾ ಬಳಸಲು ಆ ಕಥನಗಳ ಆಸರೆ ಬೇಕಿಲ್ಲ. ಬೇರಿಗೂ ಶಿಲೀಂಧ್ರಕ್ಕೂ ನಡುವಿನ ಕೊಡುಕೊಳೆ ಮತ್ತೆ ಮತ್ತೆ ಅಳೆದು ನೋಡಿದ ಸತ್ಯ.

ಹಾಗೆಂದು ಎಲ್ಲ ಕಡೆಯೂ ಪುಡಿ ಬೇಕಿಲ್ಲ. ಒಳ್ಳೆಯ ಮೇಲ್ಮಣ್ಣು, ಹಳೆಯ ಮರಗಳು, ವರ್ಷವಿಡೀ ಹಸಿರು ಇರುವ ತೋಟದಲ್ಲಿ ಅದು ಆಗಲೇ ಇರುತ್ತದೆ. ಹೆಚ್ಚು ಬೇಕಾದದ್ದು ಮೇಲ್ಮಣ್ಣು ಕಳೆದುಕೊಂಡ ನೆಲಗಳಿಗೆ: ಬಳ್ಳಾರಿ, ಸಂಡೂರಿನ ಗಣಿತ್ಯಾಜ್ಯದ ದಿಬ್ಬಗಳಿಗೆ, ಕಲ್ಲು ಕ್ವಾರಿಗಳಿಗೆ, ಕೊಚ್ಚಿಹೋದ ಗೋಮಾಳಗಳಿಗೆ, ಸಮತಟ್ಟು ಮಾಡಲು ಬುಲ್ಡೋಜರ್ ಹಾಯಿಸಿದ ಹೊಲಗಳಿಗೆ.

ಅರಣ್ಯ ಇಲಾಖೆ 2011–12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ಹಣ ಸಿಗುವುದು ಬದುಕುಳಿದ ಸಸಿಗಳ ಲೆಕ್ಕದಲ್ಲಿ. ಈ ನೀತಿ ಸರಿಯಾಗಿದೆ. ಇದೇ ಲೆಕ್ಕ ನರ್ಸರಿಗೂ ಬರಬೇಕು. ಎಷ್ಟು ಲಕ್ಷ ಸಸಿ ಬೆಳೆಸಿದೆವು, ಎಷ್ಟು ಅಡಿ ಎತ್ತರ ಮಾಡಿದೆವು ಎಂಬುದರ ಜೊತೆಗೆ ಎಷ್ಟು ಸಸಿಗಳ ಬೇರಿನಲ್ಲಿ ಮೈಕೊರೈಜಾ ನೆಲೆಸಿದೆ ಎಂಬುದನ್ನೂ ಸರ್ಕಾರಿ ಮತ್ತು ಖಾಸಗಿ ನರ್ಸರಿಗಳು ಪರೀಕ್ಷಿಸಿ ಹೇಳುವಂತಾಗಬೇಕು. ಚೀಲ ತುಂಬುವ ದಿನ ಐದು ಗ್ರಾಂ ಪುಡಿ, ಹೊರಡುವ ಮುನ್ನ ಒಂದು ಬೇರಿನ ಪರೀಕ್ಷೆ, ಇಷ್ಟೇ ಹೆಚ್ಚುವರಿ ಕೆಲಸ. ಕೊಳ್ಳುವವರು ಕೇಳತೊಡಗಿದರೆ ನರ್ಸರಿಯವರು ಮಾಡಿಯೇ ಮಾಡುತ್ತಾರೆ. ಈ ಮುಂಗಾರಿಗೆ ಸಸಿ ತರಲು ಹೋದಾಗ ಬೆಲೆ ಕೇಳುವ ಮೊದಲು, ಬೇರಿಗೆ ಮೈಕೊರೈಜಾ ಕೊಟ್ಟಿದ್ದೀರಾ, ಯಾವಾಗ ಕೊಟ್ಟಿರಿ ಎಂದು ಕೇಳಿ.